ಮನೆ ಸರ್ವರ್‌ನಿಂದ ಎಚ್‌ಡಿಆರ್ ವಿಡಿಯೋ ಹಾಕಿದರೆ ಬಣ್ಣ ಸಪ್ಪೆ ಆಗುವುದು ಯಾಕೆ?

ಹಳೆ ಪಿಸಿಯಲ್ಲಿ ಜೆಲ್ಲಿಫಿನ್ (ಪಿಸಿಯಲ್ಲಿರುವ ವಿಡಿಯೋಗಳನ್ನು ಮನೆಯ ಟಿವಿ, ಫೋನಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್) ಹಾಕಿಕೊಂಡಿದ್ದೀರಿ. 4ಕೆ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ಹಿಡಿಯುವ ವಿಡಿಯೋ) ಫೈಲ್ ಹಾಕಿದರೆ ಟಿವಿಯಲ್ಲಿ ಬಣ್ಣ ಸಪ್ಪೆ, ಮೇಲಿಂದ ನಿಂತು ನಿಂತು ಓಡುತ್ತದೆ. ಎಲ್ಲವನ್ನೂ ಹಳೆ ಮಾಮೂಲಿ ಎಸ್‌ಡಿಆರ್‌ಗೆ ಬದಲಾಯಿಸಿ ಇಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಅದನ್ನೇ ಮಾಡಲು ಹೊರಟಿದ್ದೆ.

ತಂಗಿ ಮದುವೆಯ ವಿಡಿಯೋ. ಐಫೋನ್‌ನಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್, ಎಚ್‌ಡಿಆರ್ ಆನ್. ಫೋನಿನಲ್ಲಿ ನೋಡಿದರೆ ಧಾರೆ ಸೀರೆ ಫಳಫಳ. ಸರ್ವರ್‌ಗೆ ಹಾಕಿ ಟಿವಿಯಲ್ಲಿ ತೋರಿಸಿದರೆ ಅಮ್ಮ, 'ಏನೋ ಇದು, ಎಲ್ಲರ ಮುಖಕ್ಕೂ ವಿಭೂತಿ ಬಳಿದ ಹಾಗಿದೆಯಲ್ಲೋ' ಅಂದರು. ಅತ್ತ ಮೂಲೆಯಲ್ಲಿದ್ದ ನಾಲ್ಕನೇ ತಲೆಮಾರಿನ ಐ5 ಪಿಸಿ ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲೇ ಉತ್ತರ ಇತ್ತು, ನನಗೆ ಹೊಳೆಯಲು ಎರಡು ದಿನ ಹಿಡಿಯಿತು.

ಸರ್ವರ್ ಸುಮ್ನೆ ಫೈಲ್ ಕೊಟ್ಟು ಕೂತಿದ್ದರೆ ಅದಕ್ಕೆ ಕೆಲಸವೇ ಇರಬಾರದು. ಹಾಗೆ ಮುಟ್ಟದೆ ಕೊಡುವುದಕ್ಕೆ ಡೈರೆಕ್ಟ್ ಪ್ಲೇ ಅಂತಾರೆ. ಸದ್ದು ಬರ್ತಿದೆ ಅಂದರೆ ವಿಡಿಯೋವನ್ನು ಆಗಿಂದಾಗಲೇ ಬೇರೆ ರೂಪಕ್ಕೆ ಬದಲಾಯಿಸುತ್ತಿದೆ, ಅಂದರೆ ಟ್ರಾನ್ಸ್‌ಕೋಡ್. ಬಣ್ಣ ಕೆಡುವುದು ಅಲ್ಲೇ. ಎಚ್‌ಡಿಆರ್ ಫೈಲ್‌ನ ಅಂಕಿಗಳ ಅಳತೆಯೇ ಬೇರೆ. ಬಣ್ಣಕ್ಕೆ ಬಿಟಿ.2020 ಅನ್ನುವ ದೊಡ್ಡ ಹರವು. ಬೆಳಕಿಗೆ ಪಿಕ್ಯೂ ಅನ್ನುವ ಲೆಕ್ಕ, ಅದು 10,000 ನಿಟ್ಸ್‌ವರೆಗೆ (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ) ಹೋಗುತ್ತದೆ. (ಐಫೋನ್‌ನದು ಎಚ್‌ಎಲ್‌ಜಿ, ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಮಾಡಿದ್ದು.) ಎಸ್‌ಡಿಆರ್ ವಿಡಿಯೋ ತಯಾರಾಗುವುದು 100 ನಿಟ್ಸ್ ಲೆಕ್ಕಕ್ಕೆ. ಸರ್ವರ್ ಅಂಕಿಗಳನ್ನು ಹಾಗೇ ಬಿಟ್ಟು ಚೀಟಿ ಮಾತ್ರ ಎಸ್‌ಡಿಆರ್ ಅಂತ ಬದಲಾಯಿಸಿ ಕಳಿಸಿದರೆ, ಬರೆದವರು ಸೇರಿನಲ್ಲಿ ಬರೆದ ಲೆಕ್ಕವನ್ನು ಟಿವಿ ಪಾವು ಅಂತ ಓದುತ್ತದೆ. ಮುಖಕ್ಕೆ ವಿಭೂತಿ ಬಂದದ್ದು ಹೀಗೆ.

ಆದ್ದರಿಂದ ಮೊದಲು ಮಾಡಬೇಕಾದ್ದು ಇಷ್ಟೇ: ವಿಡಿಯೋ ಓಡುತ್ತಿರುವಾಗಲೇ ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ಲೇಬ್ಯಾಕ್ ಇನ್ಫೋ' ತೆಗೆಯಿರಿ, ಇಲ್ಲವೇ ಸರ್ವರ್‌ನ ಡ್ಯಾಶ್‌ಬೋರ್ಡ್ ನೋಡಿ. ಟ್ರಾನ್ಸ್‌ಕೋಡ್ ಅಂತ ಇದ್ದರೆ ಕಾರಣವನ್ನೂ ಅದೇ ಹೇಳುತ್ತದೆ. ನನ್ನದರಲ್ಲಿ ಕಾರಣ ನಾಚಿಕೆಯಾಗುವಂಥದ್ದು. ಟಿವಿ ಆ್ಯಪ್‌ನಲ್ಲಿ ಎಂದೋ ನಾನೇ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) ಮಿತಿ 20 ಎಂಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 20 ಮೆಗಾಬಿಟ್‌ಗೆ, ಇಟ್ಟಿದ್ದೆ. ಐಫೋನ್‌ನ ಅಂಥ ವಿಡಿಯೋ ನಿಮಿಷಕ್ಕೆ 400 ಎಂಬಿ ಆಸುಪಾಸು ಇರುತ್ತದೆ, ಅಂದರೆ 50 ಎಂಬಿಪಿಎಸ್‌ಗಿಂತ ಜಾಸ್ತಿ. ಮಿತಿ ತೆಗೆದೆ, ಮಿಕ್ಸಿ ನಿಂತಿತು, ಸೀರೆಗೆ ಬಣ್ಣ ಬಂತು.

ಇನ್ನೊಂದು ಸಲ ಸಿಕ್ಕಿಬಿದ್ದದ್ದು ಸಬ್‌ಟೈಟಲ್‌ನಿಂದ. 4ಕೆ ಬ್ಲೂ-ರೇ ಡಿಸ್ಕ್‌ನ ಸಬ್‌ಟೈಟಲ್ ಅಕ್ಷರ ಅಲ್ಲ, ಚಿತ್ರ. ಪಿಜಿಎಸ್ ಅಂತಾರೆ. ಆ್ಯಪ್‌ಗೆ ಅದನ್ನು ತೋರಿಸಲು ಬರದಿದ್ದರೆ ಸರ್ವರ್ ಪ್ರತಿ ಫ್ರೇಮ್ ಬಿಚ್ಚಿ, ಅದರ ಮೇಲೆ ಅಂಟಿಸಿ, ಮತ್ತೆ ಕಟ್ಟಿ ಕಳಿಸಬೇಕು. ಸಬ್‌ಟೈಟಲ್ ಆಫ್ ಮಾಡಿದೆ ನೋಡಿ, ಎರಡು ಸೆಕೆಂಡ್ ಪರದೆ ಕಪ್ಪಾಗಿ, ಮೂಲೆಯಲ್ಲಿ 'ಎಚ್‌ಡಿಆರ್' ಅಂತ ಪುಟ್ಟ ಅಕ್ಷರ ಮೂಡಿತು. ಈಗ ಅಕ್ಷರದ ರೂಪದ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲ್ ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಆಡಿಯೋ ಮಾತ್ರ ಬದಲಾಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರಕ್ಕೆ ಏನೂ ಆಗುವುದಿಲ್ಲ.

ಡೈರೆಕ್ಟ್ ಪ್ಲೇ ಆಗಿಯೂ ನಿಂತು ನಿಂತು ಓಡಿದರೆ ಅನುಮಾನ ಇರಬೇಕಾದ್ದು ನೆಟ್‌ವರ್ಕ್ ಮೇಲೆ. ಕೇಬಲ್ ಎಳೆದಿದ್ದೀನಲ್ಲ, ಇನ್ನೇನು ಅನ್ನಬೇಡಿ. ದುಬಾರಿ ಟಿವಿಗಳಲ್ಲೂ ಲ್ಯಾನ್ ಪೋರ್ಟ್ ಎಷ್ಟೋ ಸಲ 100 ಎಂಬಿಪಿಎಸ್‌ನದೇ. 4ಕೆ ಬ್ಲೂ-ರೇ 128ರವರೆಗೂ ಏರಬಹುದು. ಅಂಥ ಟಿವಿಗೆ ಒಳ್ಳೆ 5 ಗಿಗಾಹರ್ಟ್ಸ್ ವೈಫೈಯೇ ವಾಸಿ. ಟಿವಿಗೆ ಸ್ಟಿಕ್ ಅಥವಾ ಬಾಕ್ಸ್ ಚುಚ್ಚಿದ್ದರೆ, ಆ ಎಚ್‌ಡಿಎಂಐ ಪೋರ್ಟಿನ ಸಿಗ್ನಲ್ ಸೆಟ್ಟಿಂಗ್ ಕೂಡ ನೋಡಿ. ಕೆಲವು ಟಿವಿಗಳಲ್ಲಿ ಅದು ಸಾಧಾರಣ ಮಟ್ಟದಲ್ಲೇ ಇರುತ್ತದೆ, ನಾವೇ ಏರಿಸಬೇಕು.

ಇಡೀ ಪರದೆ ನೇರಳೆ-ಹಸಿರು ಆಗಿದೆಯಾ? ಅದು ಬೇರೆಯದೇ ಕಾಯಿಲೆ. ಡಾಲ್ಬಿ ವಿಷನ್ (ಡಾಲ್ಬಿ ಕಂಪನಿಯ ಎಚ್‌ಡಿಆರ್ ರೀತಿ) ಪ್ರೊಫೈಲ್ 5 ಫೈಲ್ ಇರಬೇಕು. ಅದರೊಳಗೆ ಮಾಮೂಲಿ ಎಚ್‌ಡಿಆರ್10 ಚಿತ್ರ ಇರುವುದೇ ಇಲ್ಲ, ಡಾಲ್ಬಿ ವಿಷನ್ ಗೊತ್ತಿಲ್ಲದ ಟಿವಿಗೆ ಓದಲು ಬರುವುದಿಲ್ಲ. ಸ್ಯಾಮ್‌ಸಂಗ್‌ನ ಎಚ್‌ಡಿಆರ್ ಟಿವಿಗಳು ಬಹುಕಾಲ ಡಾಲ್ಬಿ ವಿಷನ್ ಬಿಟ್ಟು ಎಚ್‌ಡಿಆರ್10+ ಹಿಡಿದುಕೊಂಡೇ ಬಂದಿವೆ. ಪ್ರೊಫೈಲ್ 8.1 ಆದರೆ ತೊಂದರೆ ಇಲ್ಲ, ಒಳಗೆ ಎಚ್‌ಡಿಆರ್10 ಇದೆ. ಯಾವುದು ಅಂತ ಮೀಡಿಯಾಇನ್ಫೋ ಅನ್ನುವ ಆ್ಯಪ್ ಹೇಳುತ್ತದೆ.

ಮನೆಯಲ್ಲಿ ಎಚ್‌ಡಿಆರ್ ಇಲ್ಲದ ಟಿವಿ, ಹಳೆ ಲ್ಯಾಪ್‌ಟಾಪ್ ಇದ್ದರೆ ಟ್ರಾನ್ಸ್‌ಕೋಡ್ ತಪ್ಪುವುದಿಲ್ಲ. ಆಗ ಜೊತೆಗೆ ಟೋನ್ ಮ್ಯಾಪಿಂಗ್ ಬೇಕು, ಸೇರಿನ ಲೆಕ್ಕವನ್ನು ಪಾವಿಗೆ ಸರಿಯಾಗಿ ಇಳಿಸುವ ಕೆಲಸ. ಜೆಲ್ಲಿಫಿನ್‌ನ ಟ್ರಾನ್ಸ್‌ಕೋಡಿಂಗ್ ಪುಟದಲ್ಲಿ ಅದನ್ನು ನೀವೇ ಟಿಕ್ ಮಾಡಬೇಕು. ಇದನ್ನು ಬರೀ ಸಿಪಿಯು ಮೇಲೆ ಹೇರಿದರೆ ಹಳೆ ಪಿಸಿ ಮಕಾಡೆ ಮಲಗುತ್ತದೆ. ಇಂಟೆಲ್‌ನಲ್ಲಿ ಏಳನೇ ತಲೆಮಾರಿನಿಂದ ಈಚೆಗೆ ಒಳಗಿನ ಗ್ರಾಫಿಕ್ಸೇ 10-ಬಿಟ್ ಎಚ್‌ಇವಿಸಿ (ಇಂಥ ಎಚ್‌ಡಿಆರ್ ವಿಡಿಯೋವನ್ನು ಕುಗ್ಗಿಸಿಡುವ ರೀತಿ) ಬಿಚ್ಚುತ್ತದೆ. ನಾನು ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಂಟನೇ ತಲೆಮಾರಿನ ಆಫೀಸ್ ಪಿಸಿ ತಂದೆ, ಸಾಕಾಗಿದೆ. ಲಿನಕ್ಸ್‌ನಲ್ಲಿ ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್ ಅನ್ನುವ ಪ್ರತ್ಯೇಕ ಗೂಡಿನಲ್ಲಿ ಓಡಿಸುವ ಸಾಧನ) ಬಳಸುತ್ತಿದ್ದರೆ ಗ್ರಾಫಿಕ್ಸ್‌ಗೆ ದಾರಿಯಾದ '/dev/dri' ಅನ್ನು ಕಂಟೇನರ್ ಒಳಗೆ ಕೊಡಲು ಮರೆಯಬೇಡಿ. ನಾನು ಮರೆತು ಒಂದು ಭಾನುವಾರ ಹಾಳು ಮಾಡಿಕೊಂಡೆ.

ಎಲ್ಲ ಸರಿಯಾದ ಮೇಲೂ ಚಿತ್ರ ಕತ್ತಲು ಕತ್ತಲು ಅನಿಸಿದರೆ ಅದು ಟಿವಿಯ ಯೋಗ್ಯತೆ. ಡಬ್ಬದ ಮೇಲೆ ಎಚ್‌ಡಿಆರ್ ಅಂತ ಬರೆದಿದ್ದರೂ ಅಗ್ಗದ ಟಿವಿ 250–300 ನಿಟ್ಸ್ ದಾಟುವುದು ಕಷ್ಟ. ವಿದ್ಯುತ್ ಉಳಿಸುವ ಮೋಡ್ ಆಫ್ ಮಾಡಿ, ಡೈನಾಮಿಕ್ ಟೋನ್ ಮ್ಯಾಪಿಂಗ್ ಇದ್ದರೆ ಆನ್ ಮಾಡಿ, ಸ್ವಲ್ಪ ಸುಧಾರಿಸುತ್ತದೆ. ಆದರೆ ಮೂಲ ಫೈಲ್‌ಗಳನ್ನು ಮಾತ್ರ ಎಸ್‌ಡಿಆರ್ ಮಾಡಿ ಅಳಿಸಬೇಡಿ. ನಾನು ಪ್ರಯೋಗ ಅಂತ ತಂಗಿಯ ಮೆಹಂದಿ ವಿಡಿಯೋ ಒಂದನ್ನು ಹಾಗೆ ಮಾಡಿದ್ದೆ. ಟಿವಿ ಬದಲಾಯಿಸಿದ ಮೇಲೂ ಅದೊಂದು ಮಾತ್ರ ವಿಭೂತಿ ಬಳಿದುಕೊಂಡೇ ಕೂತಿದೆ.