ಕರಡು ತಿದ್ದದ ವೈರಸ್ಸು

ಪತ್ರ: 'ಫ್ಲೂ ಔಷಧಿಗಳು ನಾಟದೆ ಹೋಗುತ್ತಿರುವುದಕ್ಕೆ ಜನರೇ ಕಾರಣ. ಸಣ್ಣ ನೆಗಡಿಗೂ ಮಾತ್ರೆ, ಅದನ್ನೂ ಅರ್ಧಕ್ಕೆ ಬಿಡುವುದು. ಇಂಥವರಿಗೆ ಛೀಮಾರಿ ಹಾಕುವುದು ಬಿಟ್ಟು ವೈರಸ್ಸಿನ ಜೀನ್ ಪುರಾಣ ಯಾಕೆ ಬರೆಯುತ್ತೀರಿ?' – ಹಳೇ ಓದುಗರೊಬ್ಬರು

ಉತ್ತರ: ನಿಮ್ಮ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ವಾರಗಟ್ಟಲೆ ಒಂದೇ ಔಷಧಿ ಕೊಟ್ಟರೆ, ಅದಕ್ಕೆ ಬಗ್ಗದ ವೈರಸ್ಸು ಅವರ ಮೈಯಲ್ಲೇ ಹುಟ್ಟುವುದುಂಟು. ಬಲೋಕ್ಸಾವಿರ್ ಅನ್ನುವ ಫ್ಲೂ ಔಷಧಿ ತಗೊಂಡ ಕೆಲವರಲ್ಲಿ, ಮಕ್ಕಳಲ್ಲಿ ಇನ್ನೂ ಜಾಸ್ತಿ, ಹೀಗೆ ಆಗಿದೆ. ಸರಿ. ಇನ್ನು ನನ್ನ ತಕರಾರು ಕೇಳಿ.

2008ರ ಜನವರಿಯಲ್ಲಿ ನಾರ್ವೆಯ ಪ್ರಯೋಗಾಲಯದವರು ಒಂದು ವಿಚಿತ್ರ ಕಂಡರು. ಆ ಚಳಿಗಾಲದ ಎಚ್1ಎನ್1 ಬಗೆಯ ಫ್ಲೂ ವೈರಸ್ಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವಕ್ಕೆ ಒಸೆಲ್ಟಾಮಿವಿರ್, ಅಂದರೆ ನಾವು ಟ್ಯಾಮಿಫ್ಲೂ ಅನ್ನುವುದು, ನಾಟುತ್ತಿರಲಿಲ್ಲ. ನಿಮ್ಮ ಲೆಕ್ಕದಲ್ಲಿ ನಾರ್ವೆಯವರು ಮಾತ್ರೆ ಮುಕ್ಕುವವರಾಗಿರಬೇಕು, ಅಲ್ವಾ? ಅವರು ಅದನ್ನು ಮುಟ್ಟಿದ್ದೇ ಕಡಿಮೆ. ಜಗತ್ತಿನಲ್ಲಿ ಅತಿ ಹೆಚ್ಚು ಒಸೆಲ್ಟಾಮಿವಿರ್ ನುಂಗುತ್ತಿದ್ದದ್ದು ಜಪಾನ್, ಆ ಚಳಿಗಾಲದಲ್ಲಿ ಅಲ್ಲಿ ಅಂಥ ವೈರಸ್ಸು ತೀರಾ ಅಪರೂಪ. ಮರುವರ್ಷದ ಹೊತ್ತಿಗೆ ಆ ಬಗೆಯ ಎಚ್1ಎನ್1 ಹೆಚ್ಚುಕಡಿಮೆ ಎಲ್ಲ ಕಡೆ ಔಷಧಿಗೆ ಬಗ್ಗದ್ದೇ ಆಗಿತ್ತು. ಈಗ ಯಾರನ್ನು ಬೈಯೋಣ, ಹೇಳಿ.

ಹೀಗೇಕಾಯಿತು ಅನ್ನುವುದಕ್ಕೆ ನಮ್ಮ ಕಚೇರಿಯದೇ ಒಂದು ಕಥೆ. ಒಮ್ಮೆ ಜಾಹೀರಾತು ಕೊಟ್ಟೆವು: 'ಕರಡು ತಿದ್ದುವವರು ಬೇಕಾಗಿದ್ದಾರೆ'. ಅಚ್ಚಾಗಿ ಬಂದದ್ದು 'ಕರಡಿ ತಿದ್ದುವವರು ಬೇಕಾಗಿದ್ದಾರೆ'. ತಿದ್ದಬೇಕಾದವರೇ ಇಲ್ಲದ್ದರಿಂದ ತಾನೇ ಜಾಹೀರಾತು! ಇನ್‌ಫ್ಲುಯೆಂಜಾ ವೈರಸ್ಸಿನ ಸ್ಥಿತಿಯೂ ಅಷ್ಟೇ. ಅದರ ಜೀನುಗಳ ಬರಹ ಸುಮಾರು 13,500 ಅಕ್ಷರದ ಆರ್‌ಎನ್‌ಎ, ಅದನ್ನು ನಕಲು ಮಾಡುವ ಕಿಣ್ವಕ್ಕೆ ತನ್ನ ತಪ್ಪು ತಿದ್ದಿಕೊಳ್ಳುವ ಶಕ್ತಿ ಇಲ್ಲ. ಒಬ್ಬ ರೋಗಿಯ ಗಂಟಲಲ್ಲೇ ಎಷ್ಟೋ ಬಗೆಯ ಅಚ್ಚಿನ ತಪ್ಪುಗಳು ಓಡಾಡುತ್ತಿರುತ್ತವೆ. ಬಹುಪಾಲು ನಿಷ್ಪ್ರಯೋಜಕ. ಒಂದೊಂದು ಉಳಿದುಕೊಳ್ಳುತ್ತದೆ.

ನಾರ್ವೆಯಲ್ಲಿ ಉಳಿದದ್ದು ಒಂದೇ ಒಂದು ಅಕ್ಷರದ ತಪ್ಪು. ಹೊಸ ವೈರಸ್ಸು ಜೀವಕೋಶದಿಂದ ಬಿಡಿಸಿಕೊಂಡು ಹೊರಡಬೇಕಾದರೆ ನ್ಯೂರಾಮಿನಿಡೇಸ್ ಅನ್ನುವ ಕತ್ತರಿ ಬೇಕು. ಒಸೆಲ್ಟಾಮಿವಿರ್ ಆ ಕತ್ತರಿಯ ಸಂದಿಯಲ್ಲಿ ಕೂತು ಬಾಯಿ ಮುಚ್ಚಿಸುತ್ತದೆ. ಆದರೆ ಕೂರಬೇಕಾದರೆ ಸಂದಿ ಸ್ವಲ್ಪ ಜರುಗಿ ಜಾಗ ಕೊಡಬೇಕು. ಆ ಒಂದು ಅಕ್ಷರ ತಪ್ಪಿ, ಕತ್ತರಿಯ ಪ್ರೋಟೀನಿನ 275ನೇ ಜಾಗದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಹೋಗಿ ಟೈರೋಸಿನ್ ಬಂದರೆ ಜರುಗುವುದಿಲ್ಲ, ಔಷಧಿ ಹೊರಗೇ ನಿಂತಿರುತ್ತದೆ. ಅದೇ ಸಂದಿಯಲ್ಲಿ ಕೂರುವ ಇನ್ನೊಂದು ಔಷಧಿ ಝನಾಮಿವಿರ್‌ಗೆ ಈ ರಗಳೆ ಇಲ್ಲ, ಅದು ಆಗಲೂ ನಾಟುತ್ತದೆ.

ಈ ತಪ್ಪು ಹೊಸದೇನಲ್ಲ. ಮೊದಲೂ ಕಂಡಿತ್ತು, ಆಗ ಅದು ಬಂದ ವೈರಸ್ಸು ಕುಂಟುತ್ತಿತ್ತು, ಕತ್ತರಿಗಳೇ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಅದೇ ಜೀನಿನಲ್ಲಿ ಬೇರೆ ಎರಡು ಬದಲಾವಣೆ ಆಗಿ ಕುಂಟು ಸರಿಹೋಯಿತು. ಬ್ಲೂಮ್, ಗಾಂಗ್, ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಇದನ್ನು 2010ರಲ್ಲಿ ತೋರಿಸಿಕೊಟ್ಟರು. ನೀವು ಬೇಡ ಅನ್ನುವ ಜೀನ್ ಪುರಾಣ ಅಂದರೆ ಇದೇ ಸ್ವಾಮಿ.

ಇನ್ನು 2009ರ ಹಂದಿಜ್ವರ. ಫ್ಲೂ ವೈರಸ್ಸಿನ ಜೀನುಗಳು ಎಂಟು ಬಿಡಿ ತುಂಡು, ಪುಸ್ತಕದ ಫಾರಂಗಳ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟುಗಳ ಹಾಗೆ. ಎರಡು ವೈರಸ್ಸು ಒಂದೇ ಕೋಶಕ್ಕೆ ಹೊಕ್ಕರೆ ಬೈಂಡಿಂಗ್‌ನಲ್ಲಿ ಫಾರಂ ಅದಲುಬದಲಾಗುತ್ತದೆ. 2009ರ ಪ್ರತಿಯಲ್ಲಿ ಆರು ಫಾರಂ ಉತ್ತರ ಅಮೆರಿಕದ ಹಂದಿಗಳ ವೈರಸ್ಸಿನವು, ಎರಡು ಯುರೋಪ್ ಏಷ್ಯಾದ ಹಂದಿಗಳ ವೈರಸ್ಸಿನವು. ಆ ಎರಡರಲ್ಲಿ ಒಂದು ಹಳೇ ಫ್ಲೂ ಔಷಧಿ ಅಮಾಂಟಡಿನ್‌ಗೆ ಬಗ್ಗದ ಬದಲಾವಣೆಯನ್ನು ಹೊತ್ತೇ ಬಂದಿತ್ತು. ಮೊದಲ ರೋಗಿ ಕೆಮ್ಮುವ ಮೊದಲೇ ಒಂದು ಬಗೆಯ ಔಷಧಿ ದಂಡವಾಗಿತ್ತು! ಅದೃಷ್ಟಕ್ಕೆ ಒಸೆಲ್ಟಾಮಿವಿರ್ ನಾಟುತ್ತಿತ್ತು. ಮಜಾ ಅಂದರೆ, ನಾರ್ವೆಯ ಆ ಹಳೇ ತಳಿಯನ್ನು ಈ ಹೊಸದು ಒದ್ದೋಡಿಸಿತು. ಜನರ ಶಿಸ್ತು ಅಲ್ಲೂ ಏನೂ ಮಾಡಲಿಲ್ಲ.

'ಕೋರ್ಸ್ ಮುಗಿಸಿ' ಅನ್ನುವುದು ಬ್ಯಾಕ್ಟೀರಿಯಾದ ಔಷಧಿಗೆ ಅಂತ ಹುಟ್ಟಿದ ಮಾತು. ಅದನ್ನೇ ಎಲ್ಲಕ್ಕೂ ಅಂಟಿಸುತ್ತೇವೆ. ಯಾಕೆ ಗೊತ್ತಾ? ರೋಗಿಗೆ ಬೈಯುವುದು ಸುಲಭ, ಓದುವುದು ಕಷ್ಟ. ಪತ್ರಿಕೆಯವರೂ ಕಡಿಮೆಯಿಲ್ಲ. 'ರೂಪಾಂತರಿ' ಅಂತ ಕೆಂಪಕ್ಷರದಲ್ಲಿ ಹಾಕಿದರೆ ಮುಗಿಯಿತು. ಯಾವ ಅಕ್ಷರ, ಯಾವ ಔಷಧಿ, ಯಾರೂ ಕೇಳುವುದಿಲ್ಲ. ಚಳಿಗಾಲವಿಡೀ ಗಂಟಲ ದ್ರವದ ಮಾದರಿ ಓದುತ್ತಾ ಕೂತವರು ಇಲ್ಲದಿದ್ದರೆ ನಾರ್ವೆಯ ಸುದ್ದಿಯೇ ಹೊರಬರುತ್ತಿರಲಿಲ್ಲ, ಅವರ ಬಗ್ಗೆ ಎಷ್ಟು ಪತ್ರ ಬಂದಿದೆ ಅಂತೀರಿ? ಒಂದೂ ಇಲ್ಲ. ಪದಬಂಧದ ಚೌಕ ಚಿಕ್ಕದಾಯಿತು ಅಂತ ಮಾತ್ರ ರಾಶಿ ಪತ್ರ.

ನಿಮಗೆ ಸಿಟ್ಟು ಬಂದಿದ್ದರೆ ಕ್ಷಮೆ ಇರಲಿ. ಎರಡು ಪುಟ ಕೈಯಲ್ಲಿ ಬರೆದು ಜಗಳಕ್ಕೆ ಬಂದಿರಲ್ಲ, ಅಂಥ ಓದುಗರು ಈಗ ಎಲ್ಲಿ ಸಿಗುತ್ತಾರೆ. ನೀವು ಕೇಳಿದ್ದ ಹಳೇ ಸಂಚಿಕೆ ಅಂಚೆಗೆ ಹಾಕಿದ್ದೇವೆ. ಕರಡಿಯ ಜಾಹೀರಾತು ಅದರ ಕೊನೇ ಪುಟದಲ್ಲೇ ಇದೆ, ಕೆಳಗಡೆ, ಎಡಕ್ಕೆ.