ಸ್ಟಿಕ್ ಬಿಟ್ಟರೂ ಕರ್ಸರ್ ಜಾರುತ್ತಿದೆ, ಪ್ಯಾಡ್ ಬದಲಿಸಬೇಕಾ?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಗೇಮ್ ಕಟ್ಟುವ ತಂತ್ರಾಂಶ ಗೊಡೋ 4ರಲ್ಲಿ ಒಂದು ಪಝಲ್ ಗೇಮ್ ಮಾಡುತ್ತಿದ್ದೇನೆ. ಆಡುವವರೂ ಲೆವೆಲ್ ಕಟ್ಟಲಿ ಅಂತ ಅದರೊಳಗೇ ಒಂದು ಲೆವೆಲ್ ಎಡಿಟರ್ ಇಟ್ಟಿದ್ದೇನೆ. ಕೀಬೋರ್ಡಿನಲ್ಲಿ ಎಲ್ಲ ಸರಿ ಇದೆ, ಗೇಮ್‌ಪ್ಯಾಡ್ ಹಾಕಿದರೆ ತೊಂದರೆ. ಸ್ಟಿಕ್ ಬಿಟ್ಟರೂ ಕರ್ಸರ್ ಎಡಕ್ಕೆ ಜಾರುತ್ತದೆ. ಒಂದು ಚೌಕ ಸರಿಸಲು ಹೋದರೆ ಮೂರು ಚೌಕ ಹಾರುತ್ತದೆ. ಪಕ್ಕದ ಟೈಲ್ ಪಟ್ಟಿಯಲ್ಲಿ ಆಯ್ಕೆಯೂ ತಾನಾಗಿ ಬದಲಾಗುತ್ತದೆ. ಡೆಡ್‌ಝೋನ್, ಅಂದರೆ ಸ್ಟಿಕ್ಕಿನ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗ, 0.7 ಮಾಡಿದೆ (ನಡುವೆ 0, ಪೂರ್ತಿ ತಳ್ಳಿದರೆ 1). ಜಾರುವುದು ನಿಂತಿತು, ಆದರೆ ಈಗ ಸ್ಟಿಕ್ಕನ್ನು ಓರೆಯಾಗಿ ತಳ್ಳಿದರೆ ಕ್ಯಾಮೆರಾ, ಕರ್ಸರ್ ಯಾವುದೂ ಅಲುಗಾಡುವುದಿಲ್ಲ. ಪ್ಯಾಡ್ ಹಾಳಾಗಿದೆಯಾ?

ಉತ್ತರ: ಈಗಲೇ ದುಡ್ಡು ಖರ್ಚು ಮಾಡಬೇಡಿ. ನಿಮಗಿರುವುದು ಒಂದು ತೊಂದರೆ ಅಲ್ಲ, ಮೂರು ನಾಲ್ಕು ಒಟ್ಟಿಗೆ ಸೇರಿಕೊಂಡಿವೆ. ಎಲ್ಲಕ್ಕೂ ಡೆಡ್‌ಝೋನ್ ಒಂದನ್ನೇ ಮದ್ದು ಅಂದುಕೊಂಡಿದ್ದೀರಿ. ಅದಕ್ಕೇ ಒಂದು ಸರಿಹೋದರೆ ಇನ್ನೊಂದು ಕೆಡುತ್ತಿದೆ.

ಮೊದಲು ಪ್ಯಾಡ್ ಏನು ಹೇಳುತ್ತಿದೆ ಅಂತ ಕಣ್ಣಾರೆ ನೋಡಿ. ಪರದೆಯ ಮೂಲೆಯಲ್ಲಿ ಒಂದು ಲೇಬಲ್ ಇಟ್ಟು, ಸ್ಟಿಕ್ಕಿನ ಸ್ಥಾನ ಓದುವ ‘ಗೆಟ್ ಜಾಯ್ ಆಕ್ಸಿಸ್’ ಫಂಕ್ಷನ್ ಕೊಡುವ ಸಂಖ್ಯೆಯನ್ನು ಪ್ರತಿ ಫ್ರೇಮಿನಲ್ಲೂ ಅದರಲ್ಲಿ ತೋರಿಸಿ. ಇದಕ್ಕೆ ಇನ್‌ಪುಟ್ ಮ್ಯಾಪಿನ (ಯಾವ ಕೀ, ಸ್ಟಿಕ್ ಯಾವ ಆಕ್ಷನ್‌ಗೆ ಅಂತ ಗೊಡೋದಲ್ಲಿ ಬರೆದಿಡುವ ಪಟ್ಟಿ) ಡೆಡ್‌ಝೋನ್ ತಾಗುವುದಿಲ್ಲ. ಸ್ಟಿಕ್ಕನ್ನು ಎಡಕ್ಕೆ ತಳ್ಳಿ ಬಿಡಿ, ಬಲಕ್ಕೆ ತಳ್ಳಿ ಬಿಡಿ, ಮೇಲೆ, ಕೆಳಗೆ. ಪ್ರತಿ ಸಲ ಎಲ್ಲಿ ಬಂದು ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಹೊಸ ಪ್ಯಾಡ್ ಕೂಡ ಸರಿಯಾಗಿ ಸೊನ್ನೆಗೆ ಬರುವುದಿಲ್ಲ, 0.03 ಅಥವಾ 0.06 ಇದ್ದೇ ಇರುತ್ತದೆ. ನಿಮಗೆ ಬಂದ ಅತಿ ದೊಡ್ಡ ಸಂಖ್ಯೆಗಿಂತ ಸ್ವಲ್ಪ ಮೇಲೆ ಡೆಡ್‌ಝೋನ್ ಇದ್ದರೆ ಸಾಕು. ಮೈಕ್ರೋಸಾಫ್ಟ್, ವಿಂಡೋಸ್‌ನಲ್ಲಿ ಪ್ಯಾಡ್ ಓದುವ ತನ್ನ ಎಕ್ಸ್‌ಇನ್‌ಪುಟ್‌ನಲ್ಲಿ ಎಡ ಸ್ಟಿಕ್ಕಿಗೆ ಕೊಟ್ಟಿರುವ ಡೆಡ್‌ಝೋನ್ 32767ರಲ್ಲಿ 7849, ಅಂದರೆ ಸುಮಾರು 0.24. ಅದೇ ಧಾರಾಳ. 0.7 ಅಂದರೆ ಸ್ಟಿಕ್ಕಿನ ಓಟದಲ್ಲಿ ಹತ್ತರಲ್ಲಿ ಏಳು ಭಾಗ ಎಸೆದಂತೆ.

ಬಿಟ್ಟ ಮೇಲೂ 0.3ರ ಆಸುಪಾಸಿನಲ್ಲೇ ನಿಂತರೆ, ಅಥವಾ ಸುಮ್ನೆ ಇದ್ದಾಗ ಸಂಖ್ಯೆ ಎಲ್ಲೆಲ್ಲೋ ನೆಗೆಯುತ್ತಿದ್ದರೆ, ಆಗ ಪ್ಯಾಡಿನದೇ ದೋಷ. ಸಾಮಾನ್ಯ ಸ್ಟಿಕ್ಕಿನ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಿರುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಮುಂದೆ ಕೊಳ್ಳುವಾಗ ಹಾಲ್ ಎಫೆಕ್ಟ್ ಸ್ಟಿಕ್ ಇರುವುದನ್ನು ನೋಡಿ. ಅದರಲ್ಲಿ ಅಯಸ್ಕಾಂತದ ಸ್ಥಾನ ಅಳೆಯುತ್ತಾರೆ, ಉಜ್ಜುವ ಪಟ್ಟಿಯೇ ಇಲ್ಲ. ಇದು ಹೊಸ ಉಪಾಯವೂ ಅಲ್ಲ, 1998ರ ಸೆಗಾ ಡ್ರೀಮ್‌ಕಾಸ್ಟ್ ಪ್ಯಾಡಿನಲ್ಲೇ ಇತ್ತು.

ಓರೆಯಾಗಿ ತಳ್ಳಿದರೆ ಏನೂ ಅಲುಗಾಡುವುದಿಲ್ಲ ಅಂದಿರಲ್ಲ, ಅದರಿಂದಲೇ ನಿಮ್ಮ ಕೋಡ್ ಹೇಗಿದೆ ಅಂತ ಊಹಿಸಬಹುದು. ಎಡ ಬಲ ಒಂದು ಕಡೆ, ಮೇಲೆ ಕೆಳಗೆ ಇನ್ನೊಂದು ಕಡೆ ಬೇರೆ ಬೇರೆ ಓದುತ್ತಿದ್ದೀರಿ. ಸ್ಟಿಕ್ ಸುತ್ತುವುದು ವೃತ್ತದಲ್ಲಿ. ಪೂರ್ತಿ ಓರೆಗೆ ತಳ್ಳಿದಾಗ ಎರಡೂ ಅಕ್ಷಗಳು ಸುಮಾರು 0.7ಕ್ಕೆ ಬಂದು ನಿಲ್ಲುತ್ತವೆ. ನಿಮ್ಮ ಡೆಡ್‌ಝೋನ್ ಕೂಡ 0.7. ಎರಡನ್ನೂ ಅದೇ ನುಂಗಿಬಿಟ್ಟಿತು! ಇದಕ್ಕೆ ‘ಗೆಟ್ ವೆಕ್ಟರ್’ ಬಳಸಿ. ಅದು ಎರಡು ಅಕ್ಷಗಳನ್ನು ಒಟ್ಟಿಗೆ ತೆಗೆದುಕೊಂಡು, ಕೇಂದ್ರದಿಂದ ಎಷ್ಟು ದೂರ ಅಂತ ನೋಡಿ, ಗುಂಡಗಿನ ಡೆಡ್‌ಝೋನ್ ಹಾಕುತ್ತದೆ. ಅದರ ಆಚೆಗೆ ಉಳಿದದ್ದನ್ನು ಮತ್ತೆ 0ಯಿಂದ 1ಕ್ಕೆ ಹಿಗ್ಗಿಸುತ್ತದೆ, ಹಾಗಾಗಿ ನಿಧಾನ ಚಲನೆಯೂ ಸಿಗುತ್ತದೆ. ಉದ್ದ 1 ದಾಟಲು ಬಿಡುವುದಿಲ್ಲವಾದ್ದರಿಂದ ಓರೆಯಲ್ಲಿ ವೇಗ ಜಾಸ್ತಿಯಾಗುವ ಕಾಟವೂ ಇಲ್ಲ. ಕ್ಯಾಮೆರಾಗೆ ಇಷ್ಟೇ ಸಾಕು. ಬಂದದ್ದನ್ನು ವೇಗ ಮತ್ತು ಡೆಲ್ಟಾದಿಂದ (ಹಿಂದಿನ ಫ್ರೇಮಿನಿಂದ ಕಳೆದ ಸಮಯ) ಗುಣಿಸುವುದನ್ನು ಮಾತ್ರ ಮರೆಯಬೇಡಿ.

ಚೌಕದಿಂದ ಚೌಕಕ್ಕೆ ಹೋಗುವ ಕರ್ಸರ್ ಬೇರೆಯದೇ ಕಥೆ. ಕೀ ಅಂದರೆ ಒತ್ತಿದೆ ಅಥವಾ ಇಲ್ಲ, ಎರಡೇ. ಸ್ಟಿಕ್ ಹಾಗಲ್ಲ. ಪ್ರತಿ ಫ್ರೇಮಿನಲ್ಲೂ ಸ್ಟಿಕ್ ನೋಡಿ ಒಂದು ಚೌಕ ಸರಿಸಿದರೆ, ಸೆಕೆಂಡಿಗೆ 60 ಫ್ರೇಮಿನಲ್ಲಿ ಹತ್ತನೇ ಒಂದು ಸೆಕೆಂಡ್ ತಳ್ಳಿದರೂ ಆರು ಚೌಕ ಹೋಗುತ್ತದೆ. ಹೊಸದಾಗಿ ಒತ್ತಿದಾಗ ಮಾತ್ರ ಹೌದು ಅನ್ನುವ ‘ಜಸ್ಟ್ ಪ್ರೆಸ್ಡ್’ ಬಳಸಿದರೂ ಪೂರ್ತಿ ಪಾರಾಗುವುದಿಲ್ಲ. ಬೆರಳು ಗಡಿಯ ಹತ್ತಿರ ಸ್ವಲ್ಪ ನಡುಗಿದರೆ 0.49, 0.51, 0.49, 0.52 ಅಂತ ಸಂಖ್ಯೆ ಹೋಗಿಬರುತ್ತದೆ, ಗಡಿ ದಾಟಿದ ಪ್ರತಿ ಸಲವೂ ಹೊಸ ಒತ್ತು ಅಂತ ಲೆಕ್ಕ.

ಮದ್ದು ಅಂದರೆ ಎರಡು ಗಡಿ. 0.6 ದಾಟಿದಾಗ ಒಂದು ಚೌಕ ಸರಿಸಿ, ಒಂದು ಬೂಲಿಯನ್‌ನಿಂದ (ಹೌದು ಅಥವಾ ಇಲ್ಲ ಅಂತ ಮಾತ್ರ ಇಟ್ಟುಕೊಳ್ಳುವ ವೇರಿಯಬಲ್) ಬೀಗ ಹಾಕಿ. 0.4ಕ್ಕಿಂತ ಕೆಳಗೆ ಬಂದಾಗ ಮಾತ್ರ ಬೀಗ ತೆಗೆಯಿರಿ. ಇಸ್ತ್ರಿ ಪೆಟ್ಟಿಗೆ ಆರುವ ಬಿಸಿ ಒಂದು, ಮತ್ತೆ ಹತ್ತುವ ಬಿಸಿ ಇನ್ನೊಂದು ಇರುತ್ತದಲ್ಲ, ಹಾಗೆ. ಹಿಡಿದೇ ಇದ್ದರೆ ಮೊದಲು 0.3 ಸೆಕೆಂಡ್ ಕಾದು, ಆಮೇಲೆ 0.1 ಸೆಕೆಂಡಿಗೊಂದು ಚೌಕದಂತೆ ಓಡಿಸಿ. ಇನ್ನೊಂದು ಲಾಭವಿದೆ. ಸ್ಟಿಕ್ಕನ್ನು ಥಟ್ಟನೆ ಬಿಟ್ಟಾಗ ಸ್ಪ್ರಿಂಗ್ ಅದನ್ನು ಒಂದು ಕ್ಷಣ ಎದುರು ದಿಕ್ಕಿಗೂ ಎಳೆಯುತ್ತದೆ. ಆ ಜಿಗಿತ ಸಾಮಾನ್ಯವಾಗಿ 0.6 ತಲುಪುವುದಿಲ್ಲ, ಕರ್ಸರ್ ಹಿಂದಕ್ಕೆ ಹೋಗುವುದು ತಪ್ಪುತ್ತದೆ. ಟೈಲ್ ಎಡಿಟರಿನಲ್ಲಿ ಓರೆ ಹೆಜ್ಜೆಯೇ ಬೇಡ ಅನ್ನುವವನು ನಾನು. ಎರಡು ಅಕ್ಷಗಳಲ್ಲಿ ಯಾವುದು ದೊಡ್ಡದೋ ಅದನ್ನೇ ತೆಗೆದುಕೊಳ್ಳಿ. ಸಾಲಾಗಿ ಗೋಡೆ ಇಡುವಾಗ ಕೈ ಸ್ವಲ್ಪ ವಾಲಿದರೂ ಸಾಲು ಕೆಡುವುದಿಲ್ಲ.

ಟೈಲ್ ಪಟ್ಟಿ ತಾನಾಗಿ ಬದಲಾಗುವುದಕ್ಕೆ ಕಾರಣ ನಿಮ್ಮ ಕೋಡ್ ಅಲ್ಲ. ಗೊಡೋ 4ರಲ್ಲಿ ‘ಯುಐ ಲೆಫ್ಟ್’, ‘ಯುಐ ರೈಟ್’ ಮುಂತಾದ ಆಕ್ಷನ್‌ಗಳಿಗೆ ಡಿ-ಪ್ಯಾಡ್ ಜೊತೆ ಎಡ ಸ್ಟಿಕ್ಕೂ ಮೊದಲೇ ಕಟ್ಟಿರುತ್ತದೆ. ಪರದೆಯ ಯಾವುದೋ ಬಟನ್ನಿಗೆ ಫೋಕಸ್ ಸಿಕ್ಕಿದ್ದರೆ, ಅಂದರೆ ಅದು ಆಯ್ಕೆಯಾಗಿದ್ದರೆ, ಸ್ಟಿಕ್ ಅಲ್ಲಿಯೂ ಕೆಲಸ ಮಾಡುತ್ತದೆ. ಆ ಕಟ್ಟನ್ನು ಅಳಿಸಬೇಡಿ, ಮೆನುಗಳಲ್ಲಿ ಸ್ಟಿಕ್ ಬೇಕಾಗುತ್ತದೆ. ಪಟ್ಟಿಯ ಬಟನ್‌ಗಳ ‘ಫೋಕಸ್ ಮೋಡ್’ ಅನ್ನು ‘ನನ್’ ಮಾಡಿ. ಪ್ಯಾಡಿನ ಮೇಲಂಚಿನ ಭುಜದ ಬಟನ್ ಒತ್ತಿ ಪಟ್ಟಿ ತೆರೆದಾಗ ಮಾತ್ರ ಅದನ್ನು ‘ಆಲ್’ ಮಾಡಿ, ಒಂದು ಬಟನ್ನಿಗೆ ಫೋಕಸ್ ಕೊಡಿ. ಅಷ್ಟು ಹೊತ್ತು ಕರ್ಸರ್ ನಿಂತಿರಲಿ.

ಇಷ್ಟಾದ ಮೇಲೂ ಒಂದಕ್ಕೆ ಎರಡು ಹೆಜ್ಜೆ ಬೀಳುತ್ತಿದ್ದರೆ ಹಿಂದೆ ಸ್ಟೀಮ್ (ಗೇಮ್ ಕೊಳ್ಳುವ, ಆಡುವ ಆ್ಯಪ್) ಓಡುತ್ತಿದೆಯಾ ನೋಡಿ. ಅದು ತನ್ನದೊಂದು ಕೃತಕ ಪ್ಯಾಡ್ ಸೃಷ್ಟಿಸಬಹುದು. ‘ಗೆಟ್ ಕನೆಕ್ಟೆಡ್ ಜಾಯ್‌ಪ್ಯಾಡ್ಸ್’ ಪಟ್ಟಿಯಲ್ಲಿ ಒಂದರ ಬದಲು ಎರಡು ಕಂಡರೆ ಅದೇ ಕಾರಣ ಇರಬಹುದು. ಸ್ಟೀಮ್ ಮುಚ್ಚಿ ಮತ್ತೆ ನೋಡಿ.

ಕೊನೆಗೆ, ಡೆಡ್‌ಝೋನನ್ನು ಕೋಡಿನಲ್ಲಿ ಹೂತಿಡಬೇಡಿ. ನಿಮ್ಮ ಗೇಮ್ ಆಡುವ ಒಬ್ಬೊಬ್ಬರ ಪ್ಯಾಡೂ ಒಂದೊಂದು ರೀತಿ ಸವೆದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 0.05ರಿಂದ 0.4ರವರೆಗೆ ಒಂದು ಸ್ಲೈಡರ್ ಇಡಿ, ಶುರುವಿಗೆ 0.2 ಇರಲಿ. ಪಕ್ಕದಲ್ಲೇ ಡೆಡ್‌ಝೋನಿನ ಅಳತೆಯ ಒಂದು ವೃತ್ತ ಬರೆದು, ಸ್ಟಿಕ್ ಈಗ ಎಲ್ಲಿದೆ ಅಂತ ಚುಕ್ಕಿಯಲ್ಲಿ ತೋರಿಸಿ. ಸ್ಟಿಕ್ ಬಿಟ್ಟಾಗ ಚುಕ್ಕಿ ವೃತ್ತದ ಒಳಗೆ ಕೂರುವವರೆಗೆ ಅವರೇ ಹೊಂದಿಸಿಕೊಳ್ಳುತ್ತಾರೆ.