ಫಾರ್ಮಸಿ ಎಷ್ಟು ಚೆನ್ನಾಗಿದೆ ಅನ್ನೋದಲ್ಲ, ಅದು ಯಾರದು ಅನ್ನೋದು

"ಅಕ್ಕಾ, ಇಲ್ಲಿ ಅಮೆರಿಕದಲ್ಲಿ ಸೂಪರ್‌ಮಾರ್ಕೆಟ್ ಒಳಗೇ ಮೆಡಿಕಲ್ ಶಾಪ್ ಇರುತ್ತೆ ಅಂತ ಗೊತ್ತಿರಲಿಲ್ಲ. ಮನೆ ಹತ್ತಿರ ಮೂರು ಇವೆ. ಒಂದಂತೂ ಹೋಟೆಲ್ ರಿಸೆಪ್ಶನ್ ಥರ ಇದೆ. ಆದರೆ ಈ ಅಂಗಡಿಗಳೆಲ್ಲ ಒಂದಾಗಿಬಿಡುತ್ತವೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಯಾವುದಕ್ಕೆ ಹೋಗಲಿ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಮೊದಲು ಆ ರಿಸೆಪ್ಶನ್ ವಿಷಯ. ಅದನ್ನು ಬೇಕಂತಲೇ ಹಾಗೆ ಕಟ್ಟುತ್ತಾರೆ. ಹಾಲು ಮೊಟ್ಟೆ ಇಡುವ ಕಡೆ ಬೆಳ್ಳನೆ ಲೈಟು, ಬರೀ ನೆಲ. ಫಾರ್ಮಸಿ ಮೂಲೆಗೆ ಬಂದರೆ ಮರದ ಬಣ್ಣದ ಕೌಂಟರು, ತೆಳು ಹಸಿರು ಗೋಡೆ, ನಾಲ್ಕು ಕುರ್ಚಿ, ಕೈ ತೂರಿಸಿ ಬಿಪಿ ನೋಡಿಕೊಳ್ಳುವ ಮೆಷಿನ್ನು. ಮಾತ್ರೆ ರೆಡಿಯಾಗುವವರೆಗೆ ನೀನು ಅಂಗಡಿಯಲ್ಲೇ ತಿರುಗಾಡುತ್ತೀಯ, ಬುಟ್ಟಿ ತುಂಬಿಸುತ್ತೀಯ. ತಿಂಗಳು ತಿಂಗಳು ಮಾತ್ರೆಗೆ ಬರುವವರು ತರಕಾರಿಯನ್ನೂ ಅಲ್ಲೇ ಕೊಳ್ಳುತ್ತಾರೆ. ಅದೇ ಲೆಕ್ಕ.

ನೀನು ನೋಡಬೇಕಾದ್ದು ಕೌಂಟರಿನ ಹಿಂದೆ. ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ? ಫೋನ್ ಮಾಡಿದರೆ ಎತ್ತುತ್ತಾರಾ? ನಮ್ಮ ಕಡೆ ಒಂದು ಅಂಗಡಿಯಲ್ಲಿ ಫಾರ್ಮಸಿಸ್ಟ್ ಜೊತೆ ಮಾತಾಡೋಕೆ ಅಂತ ಬೇರೆ ಕಿಟಕಿ ಇದೆ. ಮೇಲೆ ಚಂದದ ತೂಗುದೀಪ, ಕೆಳಗೆ ಎದೆ ಮಟ್ಟ ರಟ್ಟಿನ ಡಬ್ಬಗಳು. ಅಲ್ಲಿ ಯಾರೂ ನಿಂತು ಮಾತಾಡಿದ್ದನ್ನು ನಾನು ನೋಡಿಲ್ಲ.

ಇನ್ನು ಬೋರ್ಡು. ನಮ್ಮ ಸಿಯಾಟಲ್ ಸುತ್ತಮುತ್ತ ಐದು ಹೆಸರು ಕಾಣುತ್ತವೆ, ಮಾಲೀಕರು ಇಬ್ಬರೇ. ಫ್ರೆಡ್ ಮೇಯರ್, ಕ್ಯೂಎಫ್‌ಸಿ ಎರಡೂ ಕ್ರೋಗರ್ ಕಂಪನಿಯವು. ಸೇಫ್‌ವೇ, ಹ್ಯಾಗನ್, ಆಲ್ಬರ್ಟ್‌ಸನ್ಸ್ ಮೂರೂ ಆಲ್ಬರ್ಟ್‌ಸನ್ಸ್ ಕಂಪನಿಯವು. ಒಂದು ಸರಿಯಿಲ್ಲ ಅಂತ ಬಿಟ್ಟು ಇನ್ನೊಂದಕ್ಕೆ ಹೋದರೂ ದುಡ್ಡು ಅದೇ ಮನೆಗೆ ಹೋಗುತ್ತಿರಬಹುದು.

ಆಫೀಸಿನಲ್ಲಿ ಹೇಳಿದ ಸುದ್ದಿ ಹಳೆಯದು. 2022ರ ಅಕ್ಟೋಬರ್‌ನಲ್ಲಿ ಕ್ರೋಗರ್‌ನವರು ಆಲ್ಬರ್ಟ್‌ಸನ್ಸ್ ಅನ್ನು ಸುಮಾರು 2,460 ಕೋಟಿ ಡಾಲರ್‌ಗೆ ಕೊಳ್ಳುತ್ತೇವೆ ಅಂದರು. ಅದಾಗಿದ್ದರೆ ಐದೂ ಬೋರ್ಡು ಒಬ್ಬರದ್ದೇ. ನಮ್ಮ ವಾಷಿಂಗ್ಟನ್ ರಾಜ್ಯ ಒಂದು ಕಡೆ, ವ್ಯಾಪಾರದಲ್ಲಿ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಎಫ್‌ಟಿಸಿ ಇನ್ನೊಂದು ಕಡೆ ಕೇಸು ಹಾಕಿದವು. 2024ರ ಡಿಸೆಂಬರ್ 10ರಂದು ಆರೆಗಾನ್‌ನ ಫೆಡರಲ್ ಕೋರ್ಟು, ಸಿಯಾಟಲ್‌ನ ಕೋರ್ಟು ಎರಡೂ ಒಂದೇ ದಿನ ತಡೆದವು. ಮಾರನೇ ದಿನ ಆಲ್ಬರ್ಟ್‌ಸನ್ಸ್ ಒಪ್ಪಂದ ಮುರಿದು ಕ್ರೋಗರ್ ಮೇಲೇ ಕೇಸು ಹಾಕಿತು. ಮದುವೆ ಮುರಿದ ಮೇಲೆ ಬೀಗರ ಜಗಳ ಬೇರೆ!

ಇಲ್ಲಿನವರು ಅಷ್ಟು ಹೆದರಿದ್ದಕ್ಕೆ ಕಾರಣ ಇತ್ತು. 2015ರಲ್ಲಿ ಆಲ್ಬರ್ಟ್‌ಸನ್ಸ್ ಮತ್ತು ಸೇಫ್‌ವೇ ಒಂದಾದಾಗ ಪೈಪೋಟಿ ಉಳಿಯಲಿ ಅಂತ ಎಫ್‌ಟಿಸಿಯವರು ಒಂದಷ್ಟು ಅಂಗಡಿ ಮಾರಿಸಿದರು. ಅದರಲ್ಲಿ 146 ಅಂಗಡಿ ಕೊಂಡಿದ್ದು ನಮ್ಮದೇ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನ ಹ್ಯಾಗನ್. ಅವರ ಹತ್ತಿರ ಆಗ ಇದ್ದದ್ದು 18. ಬೋರ್ಡು ಬದಲಾಯಿತು, ಒಳಗಿನ ಅಲಂಕಾರ ಬದಲಾಯಿತು, ಆದರೆ ಅಷ್ಟೊಂದು ಅಂಗಡಿ ನಡೆಸೋಕೆ ಆಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದಿವಾಳಿ. ಕೊನೆಗೆ ಹ್ಯಾಗನ್ ಅನ್ನೇ ಕೊಂಡಿದ್ದು ಯಾರು ಹೇಳು? ಆಲ್ಬರ್ಟ್‌ಸನ್ಸ್.

ಕ್ರೋಗರ್ ವ್ಯವಹಾರದಲ್ಲೂ ಅದೇ ಉಪಾಯ ತಂದಿದ್ದರು. 579 ಅಂಗಡಿಗಳನ್ನು ಸಿ ಅಂಡ್ ಎಸ್ ಅನ್ನುವ ಸಗಟು ಕಂಪನಿಗೆ ಮಾರುತ್ತೇವೆ ಅಂತ. ಕೇಸು ಹಾಕುವಾಗ ಎಫ್‌ಟಿಸಿ ಹೇಳಿದ ಪ್ರಕಾರ ಸಿ ಅಂಡ್ ಎಸ್‌ನವರು ನಡೆಸುತ್ತಿದ್ದದ್ದು 23 ಸೂಪರ್‌ಮಾರ್ಕೆಟ್, ಒಂದೇ ಒಂದು ಫಾರ್ಮಸಿ. ಅಂಥವರ ಕೈಗೆ ನೂರಾರು ಔಷಧಿ ಕೌಂಟರ್! ಅಕ್ಕಿ ಬೇಳೆ ಇನ್ನೊಂದು ಕಡೆ ತರಬಹುದು. ಅತ್ತೆಯ ಶುಗರ್ ಮಾತ್ರೆ ಸಿಗದೆ ಹೋದರೆ ಅದು ಬೇರೆ ಮಾತು, ಅಲ್ವಾ?

ಮಾಲೀಕರು ಬದಲಾದರೆ ಮಾತ್ರೆ ಡಬ್ಬಿಯೂ ಬದಲಾಗುತ್ತದೆ. ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿಗಳಲ್ಲಿ ಮೊದಲು ಚಪ್ಪಟೆ ಕೆಂಪು ಬಾಟಲಿ ಕೊಡುತ್ತಿದ್ದರು. ಲೇಬಲ್ ಓದೋಕೆ ಸುಲಭ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ರಿಂಗು. 2015ರಲ್ಲಿ ಟಾರ್ಗೆಟ್ ಫಾರ್ಮಸಿಗಳನ್ನು ಸಿವಿಎಸ್ ಅನ್ನುವ ಮೆಡಿಕಲ್ ಶಾಪ್ ಕಂಪನಿ ಕೊಂಡಿತು, ಬಾಟಲಿ ಹೋಯಿತು. ಜನ ಎಷ್ಟು ಗೋಗರೆದರೂ ಮತ್ತೆ ಅದೇ ಮಾಮೂಲಿ ಗುಂಡನೆ ಡಬ್ಬಿ.

ಸರಿ, ನೀನು ಮಾಡಬೇಕಾದ್ದು ಇಷ್ಟೇ. ಊರಿನ ಹಾಗೆ ಹಳೇ ಸ್ಟ್ರಿಪ್ ತೋರಿಸಿದರೆ ಇಲ್ಲಿ ಕೊಡುವುದಿಲ್ಲ. ನೀನು ಹೇಳಿದ ಫಾರ್ಮಸಿಗೆ ಡಾಕ್ಟರೇ ಚೀಟಿ ಕಳಿಸುತ್ತಾರೆ. ಇನ್ಶೂರೆನ್ಸ್ ಕಾರ್ಡಿಗೆ ಯಾವ ಫಾರ್ಮಸಿ ನಡೆಯುತ್ತದೆ ಅಂತ ಮೊದಲೇ ನೋಡಿಕೋ. ಸರಿಹೋಗದಿದ್ದರೆ ಬದಲಾಯಿಸು. ಹಳೆಯವರಿಗೆ ಹೇಳಲೂ ಬೇಕಿಲ್ಲ, ಹೊಸ ಫಾರ್ಮಸಿಗೆ ಹೇಳಿದರೆ ಅವರೇ ತರಿಸಿಕೊಳ್ಳುತ್ತಾರೆ. ಕೆಲವು ಬಿಗಿ ನಿಯಮದ ಔಷಧಿಗಳಿಗೆ ಮಾತ್ರ ಹೊಸ ಚೀಟಿ ಬೇಕಾಗುತ್ತದೆ. ಮೆಂಬರ್‌ಗಳಿಗೆ ಮಾರುವ ದೊಡ್ಡ ಅಂಗಡಿ ಕಾಸ್ಟ್‌ಕೋ ಇದೆಯಲ್ಲ, ಅದರ ಫಾರ್ಮಸಿಯಲ್ಲೂ ಬೆಲೆ ಕೇಳು. ಡಾಕ್ಟರ್ ಬರೆದ ಔಷಧಿ ಕೊಳ್ಳೋಕೆ ಅಲ್ಲಿ ಮೆಂಬರ್‌ಶಿಪ್ ಬೇಡ, ಬಾಗಿಲಲ್ಲಿ ಫಾರ್ಮಸಿಗೆ ಅಂದರೆ ಬಿಡುತ್ತಾರೆ.

ಇನ್ನೊಂದು. ಅಂಗಡಿ ರಾತ್ರಿ ಹನ್ನೊಂದರವರೆಗೆ ತೆರೆದಿದ್ದರೂ ಫಾರ್ಮಸಿ ಷಟರ್ ಬೇಗ ಇಳಿಯುತ್ತದೆ. ಮಧ್ಯಾಹ್ನ ಊಟಕ್ಕೂ ಅರ್ಧ ಗಂಟೆ ಮುಚ್ಚುವವರಿದ್ದಾರೆ. ಮಗುವಿಗೆ ಜ್ವರ ಅಂತ ಓಡುವ ಮುಂಚೆ ಫಾರ್ಮಸಿಯ ಸಮಯವನ್ನೇ ನೋಡು, ಅಂಗಡಿಯದ್ದಲ್ಲ.